ಪ್ರಮಾಣಪತ್ರಕ್ಕಿಂತ ಮೊದಲು: ಶಾಲೆಯಲ್ಲಿ ವಿಶೇಷ ನೆರವಿಗೆ ಯಾವ ಮಗು ಅರ್ಹ?

"ಹುಡುಗ ಚೂಟಿ. ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾನೆ, ಬರಿ ಅಂದ್ರೆ ಮಾತ್ರ ಆಗಲ್ಲ." ಮೂರನೆಯ, ನಾಲ್ಕನೆಯ ತರಗತಿಯ ಪೋಷಕರ ಸಭೆಗಳಲ್ಲಿ ಈ ಮಾತು ಕೇಳದ ಊರಿಲ್ಲ. ಮುಂದಿನ ಮಾತು ಸಾಮಾನ್ಯವಾಗಿ ಎರಡರಲ್ಲಿ ಒಂದು. "ಮನೇಲಿ ಸ್ವಲ್ಪ ಜಾಸ್ತಿ ಕೂರಿಸಿ ಓದಿಸಿ" ಅಥವಾ "ಎಲ್ಲಾದರೂ ತೋರಿಸಿ ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ." ಎರಡನೆಯದು ಜವಾಬ್ದಾರಿಯುತವಾಗಿ ಕೇಳಿಸುತ್ತದೆ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅದು ತಲೆಕೆಳಗಾದ ಮಾತು.

ಶಾಲೆ, ಆಸ್ಪತ್ರೆ, ಪರೀಕ್ಷಾ ಮಂಡಳಿ ಈ ಮೂರೂ ಕಡೆ ಮಗುವಿನ ಅರ್ಹತೆಯನ್ನು ನೋಡುತ್ತಾರೆ, ಆದರೆ ಮೂವರೂ ಕೇಳಬೇಕಾದ ಪ್ರಶ್ನೆ ಬೇರೆ ಬೇರೆ. ಈ ಮಗು ತರಗತಿಯಲ್ಲಿ ಕಲಿಯಲು ಏನಾದರೂ ಬೇರೆ ವ್ಯವಸ್ಥೆ ಬೇಕೇ ಎಂಬುದು ಶಾಲೆಯ ಪ್ರಶ್ನೆ. ಕಾನೂನಿನ ಪಟ್ಟಿಯಲ್ಲಿರುವ ಯಾವುದಾದರೂ ವೈಕಲ್ಯ ಇದೆಯೇ, ಇದ್ದರೆ ಶೇಕಡಾ ಎಷ್ಟು ಎಂಬುದು ಆಸ್ಪತ್ರೆಯದು. ಆ ಕಾಗದದ ಮೇಲೆ ಪರೀಕ್ಷೆಯಲ್ಲಿ ಯಾವ ರಿಯಾಯಿತಿ ಕೊಡಬಹುದು ಎಂಬುದು ಮಂಡಳಿಯದು. ನಮ್ಮಲ್ಲಿ ಮೊದಲ ಪ್ರಶ್ನೆಯನ್ನು ಯಾರೂ ಸರಿಯಾಗಿ ಕೇಳದೆ ನೇರವಾಗಿ ಎರಡನೆಯದಕ್ಕೆ ಹಾರುತ್ತಾರೆ. ಎರಡನೆಯದಕ್ಕೆ ಉತ್ತರ ಸಿಗುವಷ್ಟರಲ್ಲಿ ಮಗು ಎರಡು ತರಗತಿ ಮುಂದೆ ಹೋಗಿರುತ್ತದೆ, ಓದು ಮಾತ್ರ ಇದ್ದಲ್ಲೇ ಇರುತ್ತದೆ.

ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ವೈಕಲ್ಯ ಎಲ್ಲ ಹೊಸದಾಗಿ ಸೇರಿದವು. ಈ ಕಾಯ್ದೆ ಹೇಳುವ ಎರಡು ವರ್ಗಗಳು ಇಲ್ಲಿ ಮುಖ್ಯ: ವೈಕಲ್ಯವುಳ್ಳವರು ಮತ್ತು ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಇರುವವರು. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುವ 31ನೆಯ ಕಲಂ ಎರಡನೆಯ ವರ್ಗದ ಮಕ್ಕಳಿಗೆ. ಆದರೆ ಶಾಲೆಯ ದಿನನಿತ್ಯದ ಕರ್ತವ್ಯ ಹೇಳುವ 16ನೆಯ ಕಲಂನಲ್ಲಿ ಶೇ 40ರ ಮಾತೇ ಇಲ್ಲ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಹಚ್ಚಿ ಅದಕ್ಕೆ ಬೇಕಾದ ಬೋಧನಾ ಕ್ರಮ ಕೈಗೊಳ್ಳಬೇಕು. ಸರ್ಕಾರದ ಅನುದಾನ ಪಡೆಯುವ ಶಾಲೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಯೂ ಇದರೊಳಗೆ ಬರುತ್ತದೆ. ಪತ್ತೆ ಹಚ್ಚುವ ಕೆಲಸ ಶಾಲೆಯದೆಂದು ಕಾಯ್ದೆಯೇ ಹೇಳುವಾಗ, ಪತ್ತೆ ಹಚ್ಚಿಸಿಕೊಂಡು ಬಾ ಎಂದು ತಾಯಿಗೆ ಹೇಳುವುದು ಹೇಗೆ ಸರಿಯಾದೀತು?

ತರಗತಿಯಲ್ಲಿ ಶುರುವಾಗುವ ಕೆಲಸ

ಮೊದಲು ನೋಡುವವರು ತರಗತಿಯ ಮೇಷ್ಟ್ರು ಅಥವಾ ಮಿಸ್. ಅವರಿಗೆ ನೆರವಾಗಲೆಂದೇ ಎನ್‌ಸಿಇಆರ್‌ಟಿ 2022ರಲ್ಲಿ ಪ್ರಶಸ್ತ್ ಎಂಬ ತಪಾಸಣಾ ಪಟ್ಟಿಯನ್ನು, ಅದರ ಮೊಬೈಲ್ ಆ್ಯಪನ್ನು ಹೊರತಂದಿತು. ಮೊದಲ ಭಾಗ ಸಾಮಾನ್ಯ ಶಿಕ್ಷಕರಿಗೆ, ಎರಡನೆಯದು ವಿಶೇಷ ಶಿಕ್ಷಕರಿಗೆ. ಇದು ರೋಗ ನಿರ್ಣಯವಲ್ಲ. ಯಾವ ಮಗುವನ್ನು ಇನ್ನೊಮ್ಮೆ ಹತ್ತಿರದಿಂದ ನೋಡಬೇಕು ಎಂದು ಹೇಳುತ್ತದೆ, ಅಷ್ಟೆ. ಆ್ಯಪ್ ತುಂಬಿದೆವು, ಕೆಲಸ ಮುಗಿಯಿತು ಎಂದುಕೊಳ್ಳುವ ಶಾಲೆಗಳಿವೆ; ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ.

ನನ್ನ ಮಟ್ಟಿಗೆ ಯಾವ ಆ್ಯಪಿಗಿಂತಲೂ ಹೆಚ್ಚು ಹೇಳುವುದು ಮಗುವಿನ ನೋಟ್‌ಬುಕ್ಕು. ಜೂನ್‌ನ ಒಂದು ಪುಟ, ಸೆಪ್ಟೆಂಬರಿನ ಒಂದು, ಡಿಸೆಂಬರಿನ ಒಂದು ಪುಟ ಪಕ್ಕಪಕ್ಕ ಇಟ್ಟರೆ ಸಾಕು. ಒತ್ತಕ್ಷರ ಬಂದಲ್ಲೆಲ್ಲ ಬಿಟ್ಟುಹೋಗುತ್ತಿದೆಯೇ, ದೀರ್ಘ ಹ್ರಸ್ವವಾಗುತ್ತಿದೆಯೇ, ಬೋರ್ಡಿನಿಂದ ನೋಡಿ ಬರೆದದ್ದು ಸರಿ ಇದ್ದು ಉಕ್ತಲೇಖನ ಮಾತ್ರ ತಪ್ಪುತ್ತಿದೆಯೇ ಎಂಬುದೆಲ್ಲ ಅಲ್ಲೇ ಕಾಣುತ್ತದೆ. ನಕಲು ಸರಿ, ಉಕ್ತಲೇಖನ ತಪ್ಪು ಎಂದಾದರೆ ಕೇಳಿದ ಧ್ವನಿಯನ್ನು ಅಕ್ಷರಕ್ಕೆ ತರುವಲ್ಲಿ ತೊಡಕಿರಬಹುದು. ನಕಲೂ ತಪ್ಪುತ್ತಿದ್ದರೆ ಮೊದಲು ಕಣ್ಣು ತೋರಿಸಬೇಕು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಿಗೆ ಇಲ್ಲೊಂದು ಅನುಕೂಲವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಯಾವ ಮೆಟ್ಟಿಲಲ್ಲಿ ಎಷ್ಟು ದಿನ ನಿಂತಿತು ಎಂಬ ದಾಖಲೆ ಶಿಕ್ಷಕರ ಕೈಯಲ್ಲೇ ಇರುತ್ತದೆ. ಅದನ್ನು ಬರೀ ತೋರಿಕೆಗೆ ತುಂಬದೆ ಓದಿದರೆ, ಯಾವ ಮಗುವಿಗೆ ಬೇರೆ ನೆರವು ಬೇಕೆಂದು ಎರಡನೆಯ ತರಗತಿಯ ಒಳಗೇ ಗೊತ್ತಾಗಿಬಿಡುತ್ತದೆ.

ವೈಕಲ್ಯ ಎಂಬ ಮಾತು ಎತ್ತುವ ಮೊದಲು ಬೇರೆ ಕಾರಣಗಳನ್ನು ಪಕ್ಕಕ್ಕೆ ಸರಿಸಬೇಕು. ಇದು ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಮುಖ್ಯವಾದ, ಅಷ್ಟೇ ಅವಸರದಲ್ಲಿ ಮುಗಿಸಿಬಿಡುವ ಹಂತ. ಕಿವಿ ಸೋರುವ ಮಗುವಿಗೆ ಪಾಠ ಅರ್ಧಂಬರ್ಧ ಕೇಳಿಸುತ್ತಿರುತ್ತದೆ. ಮನೆಯವರಿಗೆ ಅದು "ಗಮನ ಇಲ್ಲ" ಎಂದು ಕಾಣುತ್ತದೆ. ರಕ್ತಹೀನತೆಯ ಮಗು ಮಧ್ಯಾಹ್ನದ ಹೊತ್ತಿಗೆ ಸೋತು ಹೋಗಿರುತ್ತದೆ. ಅಪ್ಪ ಅಮ್ಮನ ಜೊತೆ ವರ್ಷಕ್ಕೆ ನಾಲ್ಕಾರು ತಿಂಗಳು ಕಬ್ಬು ಕಡಿಯಲೋ ಕಟ್ಟಡ ಕೆಲಸಕ್ಕೋ ಗುಳೆ ಹೋಗುವ ಮಗು ಹಿಂದೆ ಬಿದ್ದಿರುವುದು ಪಾಠವೇ ಸಿಗದ್ದರಿಂದ. ಮನೆಯಲ್ಲಿ ಲಂಬಾಣಿ, ತೆಲುಗು ಅಥವಾ ಉರ್ದು ಆಡುವ ಮಗು ಮೊದಲ ಎರಡು ವರ್ಷ ಕನ್ನಡದಲ್ಲಿ ತಡವರಿಸಿದರೆ ಅದು ನ್ಯೂನತೆಯಲ್ಲ, ಹೊಸ ಭಾಷೆ. ಕನ್ನಡ ಮಾಧ್ಯಮದಿಂದ ಏಕಾಏಕಿ ಇಂಗ್ಲಿಷ್ ಮಾಧ್ಯಮಕ್ಕೆ ಹಾರಿಸಿದ ಮಗುವಿನದೂ ಇದೇ ಕತೆ. ಪ್ರಶ್ನೆ ಸರಳ: ಇದೇ ಮನೆಭಾಷೆಯ, ಇಷ್ಟೇ ದಿನ ಶಾಲೆಗೆ ಬಂದ ಇತರ ಮಕ್ಕಳಿಗಿಂತಲೂ ಈ ಮಗು ಹಿಂದಿದೆಯೇ? ಹೌದಾದರೆ ಮಾತ್ರ ಮುಂದಿನ ಹೆಜ್ಜೆ.

ಕನ್ನಡದ ಲಿಪಿಯ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನಲ್ಲಿ 26 ಅಕ್ಷರ ಕಲಿತರೆ ಅಕ್ಷರಾಭ್ಯಾಸ ಮುಗಿದಂತೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಮಕ್ಕಳಿಗೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕೆಂದು ತೋರಿಸಿದ್ದಾರೆ. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಪ್ಪಿದರೆ ಗಾಬರಿಯಾಗಬೇಕಿಲ್ಲ. ಐದನೆಯ ತರಗತಿಯಲ್ಲೂ ಸರಳ ಕಾಗುಣಿತ ನಿಲ್ಲದಿದ್ದರೆ ಸುಮ್ಮನಿರಬಾರದು.

ಶಾಲೆಯಿಂದ ಹೊರಗೆ ನೆರವು ಯಾರದು? ಸರ್ಕಾರಿ ವ್ಯವಸ್ಥೆಯಲ್ಲಿ ಪ್ರತಿ ಬ್ಲಾಕಿನ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಇಲಾಖೆಯಲ್ಲಿ ಎಲ್ಲರೂ ಅವರನ್ನು ಬಿಐಇಆರ್‌ಟಿ ಎಂದೇ ಕರೆಯುವುದು. ಹೆಡ್ ಮಾಸ್ಟರು ಹೆಸರು ಕಳಿಸಿದರೆ ಅವರು ಶಾಲೆಗೆ ಬಂದು ಮಗುವನ್ನು ನೋಡಬೇಕು, ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಹೆಸರು ಸೇರಿಸಬೇಕು, ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣದ ಏರ್ಪಾಡು ಮಾಡಬೇಕು. ಇದಲ್ಲದೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ವರ್ಷಕ್ಕೊಮ್ಮೆ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಬರೆದುಕೊಟ್ಟರೆ ಕಣ್ಣು, ಕಿವಿ, ಮಾತು, ಬೆಳವಣಿಗೆ ಎಲ್ಲದರ ತಪಾಸಣೆ ಬಿಟ್ಟಿಯಾಗಿ ಆಗುತ್ತದೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಇವರು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವರು, ಹೆಚ್ಚಿನವರು ತಾವೇ ವಿಕಲಚೇತನರು. ಯಾವ ದಿನ ಯಾವ ಆಸ್ಪತ್ರೆಯಲ್ಲಿ ಯಾವ ಡಾಕ್ಟರು ಕೂರುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಕಚೇರಿಯವರಿಗೂ ಗೊತ್ತಿರುವುದಿಲ್ಲ.

ವಿಶೇಷ ಶಿಕ್ಷಕರ ಕೊರತೆ ಇದ್ದೇ ಇದೆ. 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದಿತು. ಒಬ್ಬ ಬಿಐಇಆರ್‌ಟಿ ತಾಲ್ಲೂಕಿನ ಎಷ್ಟು ಶಾಲೆ ಸುತ್ತುತ್ತಾರೆ ಎಂದು ಬಿಆರ್‌ಸಿಯಲ್ಲಿ ಕೇಳಿ ನೋಡಿದರೆ ಅಂತರ ಎಷ್ಟಿದೆ ಎಂದು ತಿಳಿಯುತ್ತದೆ. ಅದಕ್ಕೇ ಪೋಷಕರು ಬಾಯಿಮಾತಿನಲ್ಲಿ ಕೇಳಿ ಬರಬಾರದು. "ನನ್ನ ಮಗುವಿಗೆ ಓದುವುದರಲ್ಲಿ ಇಂಥ ತೊಂದರೆ ಕಾಣುತ್ತಿದೆ, ತಪಾಸಣೆ ನಡೆಸಿ, ತರಗತಿಯಲ್ಲಿ ಬೇಕಾದ ಹೊಂದಾಣಿಕೆ ಮಾಡಿಕೊಡಿ" ಎಂದು ಮುಖ್ಯ ಶಿಕ್ಷಕರ ಹೆಸರಿಗೆ ಒಂದು ಪುಟದ ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಹಿಂಬರಹ ಕೇಳಿ. ಹಿಂಬರಹ ಕೇಳಿದ ಕೂಡಲೇ ಆಗದ ಕೆಲಸಗಳು ಆಗತೊಡಗುವುದು ನಮ್ಮ ಕಚೇರಿಗಳ ಒಂದು ವಿಸ್ಮಯ.

ಆಸ್ಪತ್ರೆಯ ಅಳತೆಗೋಲುಗಳು

ಇಲ್ಲಿಂದ ಎರಡನೆಯ ಪ್ರಶ್ನೆ. ಪ್ರತಿಯೊಂದು ವೈಕಲ್ಯಕ್ಕೂ ಬೇರೆ ಬೇರೆ ಅಳತೆ ಇದೆ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ವಿವರವಾದ ಮಾರ್ಗಸೂಚಿ ಹೊರಡಿಸಿತು, 2024ರ ಮಾರ್ಚ್‌ನಲ್ಲಿ ಪರಿಷ್ಕರಿಸಿತು. ಹಾಗಾಗಿ ಅಂಕಿಗಳ ವಿಷಯದಲ್ಲಿ ಆಸ್ಪತ್ರೆಯಲ್ಲಿ ಈಗ ಬಳಸುತ್ತಿರುವ ಪಟ್ಟಿಯನ್ನೇ ಕೇಳಿ ತಿಳಿದುಕೊಳ್ಳುವುದು ಲೇಸು. ಒಟ್ಟು ಕ್ರಮ ಮಾತ್ರ ಹೀಗಿದೆ.

ಹೆಚ್ಚು ಗೊಂದಲ ಇರುವುದು ಕಲಿಕಾ ನ್ಯೂನತೆಯಲ್ಲಿ. ಓದು, ಬರಹ, ಲೆಕ್ಕ ಇವುಗಳಲ್ಲಿ ಒಂದರಲ್ಲೋ ಎಲ್ಲದರಲ್ಲೋ ಇರುವ ತೊಡಕು, ಅದೂ ಬುದ್ಧಿಶಕ್ತಿ ಸಾಮಾನ್ಯವಾಗಿಯೇ ಇರುವಾಗ. 2018ರ ಮಾರ್ಗಸೂಚಿಯಂತೆ ಪ್ರತಿ ಶಾಲೆಯಲ್ಲೂ, ಸರ್ಕಾರಿಯೋ ಖಾಸಗಿಯೋ, ಮುಖ್ಯಸ್ಥರ ನೇತೃತ್ವದ ತಪಾಸಣಾ ಸಮಿತಿ ಇರಬೇಕು. ಮಗು ಮೂರನೆಯ ತರಗತಿಗೆ ಬಂದಾಗ ಅಥವಾ 8 ವರ್ಷ ತುಂಬಿದಾಗ, ಯಾವುದು ಮೊದಲೋ ಆಗ, ತಪಾಸಣೆ. ಸಮಿತಿ ಆಸ್ಪತ್ರೆಗೆ ಬರೆಯುತ್ತದೆ. ಮಕ್ಕಳ ವೈದ್ಯರು ಕಣ್ಣು, ಕಿವಿ, ನರಮಂಡಲ ನೋಡುತ್ತಾರೆ. ಅಲ್ಲಿ ತೊಂದರೆ ಇಲ್ಲದಿದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಐಕ್ಯೂ ಪರೀಕ್ಷೆ. ಐಕ್ಯೂ 85ಕ್ಕಿಂತ ಹೆಚ್ಚಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆಗಳು. ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆಯೇ, ಅದಕ್ಕೂ ಮೊದಲು ಕೊಡುವುದಿಲ್ಲ. ಈ ಕೊನೆಯ ಮಾತನ್ನು ಗಮನಿಸಿ. ಒಂದನೆಯ ತರಗತಿಯ ಮಗುವಿಗೆ ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ತನ್ನಿ ಎಂದು ಶಾಲೆ ಕೇಳಿದರೆ, ಅದು ಕೇಳುತ್ತಿರುವುದು ಯಾರೂ ಕೊಡಲಾಗದ ಕಾಗದ. ನೆರವನ್ನು ಆ ಕಾಗದಕ್ಕೆ ಗಂಟುಹಾಕಿದರೆ ಕಲಿಕೆಯ ಬುನಾದಿ ಬೀಳುವ ವರ್ಷಗಳೇ ಕಳೆದುಹೋಗುತ್ತವೆ.

ಬಳಸುವ ಪರೀಕ್ಷೆಯ ಹೆಸರೇ ನಿಮ್ಹಾನ್ಸ್ ಬ್ಯಾಟರಿ. 1991ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೂಪುಗೊಂಡ ಇದಕ್ಕೆ ಎರಡು ಹಂತ: 5ರಿಂದ 7 ವರ್ಷದವರಿಗೆ ಒಂದು, 8ರಿಂದ 12ರವರಿಗೆ ಇನ್ನೊಂದು. ಮಗು ಓದಬೇಕು, ಕಾಗುಣಿತ ಬರೆಯಬೇಕು, ಓದಿದ್ದರ ಅರ್ಥ ಹೇಳಬೇಕು, ಲೆಕ್ಕ ಮಾಡಬೇಕು, ಆಕೃತಿ ನೋಡಿ ಬಿಡಿಸಬೇಕು, ಹಾಳೆ ತುಂಬ ಹರಡಿದ ಅಂಕಿಗಳಲ್ಲಿ ಹೇಳಿದ್ದನ್ನು ಮಾತ್ರ ಹೊಡೆದುಹಾಕಬೇಕು. ತನ್ನ ತರಗತಿಗಿಂತ ಎರಡು ತರಗತಿ ಕೆಳಗಿನ ಮಟ್ಟದಲ್ಲಿ ನಿಂತರೆ ನ್ಯೂನತೆ ಇದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ತೊಂದರೆ ಎಂದರೆ ಇದರ ಓದು-ಬರಹದ ಭಾಗ ಮೂಲತಃ ಇಂಗ್ಲಿಷ್ ಕಲಿಯುವ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಕಾಗುಣಿತ ಕೇಳಿ ಹಿಂದಿದ್ದಾನೆ ಎಂದರೆ ಅದು ಪರೀಕ್ಷೆಯ ದೋಷ, ಮಗುವಿನದಲ್ಲ. "ನನ್ನ ಮಗು ಕನ್ನಡದಲ್ಲಿ ಓದುತ್ತದೆ, ಕನ್ನಡದಲ್ಲೂ ಪರೀಕ್ಷಿಸಿ" ಎಂದು ಕೇಳುವ ಹಕ್ಕು ನಿಮಗಿದೆ, ಕೇಳಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ್ದೇ ಭಾಷಾ ಪರೀಕ್ಷೆಗಳಿವೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ ಡಾಲಿ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ.

ಐಕ್ಯೂ ಎಂದರೆ ಹೆದರುವ ತಂದೆತಾಯಿಗೆ ಇದರ ಹುಟ್ಟಿನ ಕತೆ ಹೇಳಬೇಕು. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಪ್ಯಾರಿಸ್ಸಿನಲ್ಲಿ ಇದನ್ನು ಮಾಡಿದ್ದೇ ಶಾಲೆಯಲ್ಲಿ ಯಾವ ಮಗುವಿಗೆ ಬೇರೆ ಬಗೆಯ ಪಾಠ ಬೇಕು ಎಂದು ಕಂಡುಕೊಳ್ಳಲು. 1930ರ ದಶಕದಲ್ಲಿ ವಿ.ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಹಳೆಯದು ಎಂಬ ಟೀಕೆ ನ್ಯಾಯವೇ. ಆದರೂ ಭಾರತೀಯ ಭಾಷೆಯ ಮಗುವನ್ನು ಅದರ ಭಾಷೆಯಲ್ಲೇ ಅಳೆಯಬೇಕೆಂದು ಅಷ್ಟು ಹಿಂದೆಯೇ ಕಂಡುಕೊಂಡದ್ದು ಕಡಿಮೆ ಮಾತಲ್ಲ. ಪರೀಕ್ಷೆಯ ದಿನ ಮಗುವಿಗೆ ಜ್ವರ ಇದ್ದರೆ, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದಿದ್ದರೆ, ಬೇರೆ ದಿನ ಕೊಡಿ ಎಂದು ಕೇಳಿ. ನಿದ್ದೆಗಣ್ಣಲ್ಲಿ ಬಂದ ಅಂಕಿಯೂ ಕಡತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಬೌದ್ಧಿಕ ವೈಕಲ್ಯಕ್ಕೆ ಐಕ್ಯೂ ಒಂದೇ ಸಾಲದು. ಮಗು ತಾನೇ ಊಟ ಮಾಡುತ್ತದೆಯೇ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತದೆಯೇ ಎಂಬಂಥ ದಿನನಿತ್ಯದ ಕೌಶಲಗಳನ್ನು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನದಲ್ಲಿ ತಾಯಿಯನ್ನು ಕೇಳಿ ಅಳೆಯುತ್ತಾರೆ. ಇಲ್ಲಿ ಅನೇಕ ಪೋಷಕರು ಮಗುವನ್ನು ಬಿಟ್ಟುಕೊಡಬಾರದೆಂದು ಬರದ್ದನ್ನೂ ಬರುತ್ತದೆ ಎನ್ನುತ್ತಾರೆ. ಪ್ರೀತಿಯಿಂದ ಹೇಳಿದ ಆ ಸುಳ್ಳು ಮಗುವಿಗೆ ಸಿಗಬೇಕಾದ ನೆರವನ್ನೇ ತಪ್ಪಿಸುತ್ತದೆ. ಆಟಿಸಂಗೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ 40 ಅಂಶಗಳ ಭಾರತೀಯ ಮಾಪನವಿದೆ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 153 ದಾಟಿದರೆ ತೀವ್ರ.

ಬಿರುಕಿನಲ್ಲಿ ಬೀಳುವವರು

ಕಾಗದದ ಅಳತೆಗೂ ತರಗತಿಯ ವಾಸ್ತವಕ್ಕೂ ನಡುವೆ ಬಿದ್ದುಹೋಗುವ ಮಕ್ಕಳಿದ್ದಾರೆ, ಅವರ ಸಂಖ್ಯೆ ಸಣ್ಣದಲ್ಲ.

ಐಕ್ಯೂ 70 ಮತ್ತು 85ರ ನಡುವೆ ಇರುವ ಮಗುವನ್ನು ನೋಡಿ. ಕಲಿಕಾ ನ್ಯೂನತೆಗೆ 85 ದಾಟಬೇಕು, ಬೌದ್ಧಿಕ ವೈಕಲ್ಯಕ್ಕೆ 70ರ ಕೆಳಗಿರಬೇಕು. ಬಾರ್ಡರ್‌ಲೈನ್ ಎನ್ನಿಸಿಕೊಂಡ ಈ ಮಗುವಿಗೆ 2018ರ ಮಾರ್ಗಸೂಚಿ ಕೊಟ್ಟದ್ದು ಶೇ 25. ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುವ, "ಮೊದ್ದು" ಎನ್ನಿಸಿಕೊಳ್ಳುವ ಮಗು ಸಾಮಾನ್ಯವಾಗಿ ಇದೇ.

ಕಿವಿಯ ಲೆಕ್ಕವೂ ಹಾಗೆಯೇ. ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ಶ್ರವಣ ನಷ್ಟವಿದ್ದರೆ ಮಾತ್ರ ಕಾಯ್ದೆಯ ಪ್ರಕಾರ ಮಂದ ಶ್ರವಣ, 70 ದಾಟಿದರೆ ಕಿವುಡು. ಎದುರು ಕೂತು ಆಡುವ ಸಹಜ ಮಾತೇ ಸುಮಾರು 60 ಡೆಸಿಬಲ್. ಹಾಗಿರುವಾಗ 50 ಡೆಸಿಬಲ್ ನಷ್ಟವಿರುವ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತು, ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳುವ ಮೇಷ್ಟ್ರ ಮಾತನ್ನು ಹೇಗೆ ಹಿಡಿಯಬೇಕು? ಒಂದೇ ಕಣ್ಣಿನ ದೃಷ್ಟಿಯಿರುವ ಮಗುವಿಗೆ ಶೇ 30. ತೊದಲುವ ಮಗು ಮಾತಿನ ವೈಕಲ್ಯದ ಪಟ್ಟಿಯೊಳಗೇ ಬರುವುದು ಕಷ್ಟ, ಏಕೆಂದರೆ ಕಾಯ್ದೆ ಹೇಳುವುದು ಧ್ವನಿಪೆಟ್ಟಿಗೆ ತೆಗೆಸಿದಂಥ ಅಥವಾ ಮೆದುಳಿನ ತೊಂದರೆಯಿಂದ ಮಾತು ಹೋದಂಥ ಶಾಶ್ವತ ಸ್ಥಿತಿಯನ್ನು.

ಇನ್ನು ಎಡಿಎಚ್‌ಡಿ. ಕೂತಲ್ಲಿ ಕೂರದ, ಗಮನ ನಿಲ್ಲದ ಈ ಸ್ಥಿತಿ 21ರ ಪಟ್ಟಿಯಲ್ಲೇ ಇಲ್ಲ. ಅಮೆರಿಕದಿಂದ ಬೆಂಗಳೂರಿಗೆ, ಮೈಸೂರಿಗೆ ಮರಳುವ ಕುಟುಂಬಗಳು ಇಲ್ಲಿ ಎಡವುತ್ತವೆ. ಅಲ್ಲಿ 1975ರಿಂದ ಇರುವ ಕಾನೂನಿನಲ್ಲಿ 13 ವರ್ಗಗಳಿವೆ, ಎಡಿಎಚ್‌ಡಿ "ಇತರ ಆರೋಗ್ಯ ತೊಂದರೆ" ಎಂಬ ವರ್ಗದಲ್ಲಿ ಸೇರುತ್ತದೆ, ಪೋಷಕರ ಒಪ್ಪಿಗೆ ಸಿಕ್ಕ 60 ದಿನಗಳಲ್ಲಿ, ಅಥವಾ ಆಯಾ ರಾಜ್ಯ ಗೊತ್ತುಮಾಡಿದ ಅವಧಿಯಲ್ಲಿ, ಶಾಲೆಯೇ ಖರ್ಚಿಲ್ಲದೆ ತಪಾಸಣೆ ಮುಗಿಸಬೇಕು. ವೈಕಲ್ಯ ಇದ್ದರಷ್ಟೇ ಸಾಲದು, ಅದರಿಂದ ವಿಶೇಷ ಬೋಧನೆ ಬೇಕಾಗಿದೆಯೇ ಎಂಬುದನ್ನೂ ಅಲ್ಲಿ ನೋಡುತ್ತಾರೆ. ಶೇಕಡಾವಾರು ಲೆಕ್ಕ ಇಲ್ಲ. ಅಲ್ಲಿನ ಶಾಲೆ ಬರೆದುಕೊಟ್ಟ ಯೋಜನೆ ಇಲ್ಲಿ ಪ್ರಮಾಣಪತ್ರವಾಗಿ ನಡೆಯುವುದಿಲ್ಲ, ಆದರೆ ಇಲ್ಲಿನ ಶಿಕ್ಷಕರಿಗೆ ಮಗುವನ್ನು ಅರ್ಥ ಮಾಡಿಸಲು ಅದಕ್ಕಿಂತ ಒಳ್ಳೆಯ ಕಾಗದ ಸಿಗಲಾರದು. ಎಸೆಯಬೇಡಿ.

ಈ ಮಕ್ಕಳಿಗೆಲ್ಲ ಬೇಕಾದ್ದು ಬಹಳಷ್ಟು ಸಲ ಪುಡಿಗಾಸಿನ ಖರ್ಚೂ ಇಲ್ಲದ ವ್ಯವಸ್ಥೆ. ಮುಂದಿನ ಬೆಂಚು, ಮುಖ ನೋಡಿ ಮಾತಾಡುವ ಮೇಷ್ಟ್ರು, ಬರೆಯುವ ಬದಲು ಬಾಯಲ್ಲಿ ಉತ್ತರ, ಒಂದು ಪುಟದ ಬದಲು ನಾಲ್ಕು ಸಾಲಿನ ಮನೆಗೆಲಸ, ದಪ್ಪ ಅಕ್ಷರದ ಪ್ರಶ್ನೆಪತ್ರಿಕೆ. ಇದನ್ನು ಕೊಡಲು ಯಾವ ಮೆಡಿಕಲ್ ಬೋರ್ಡಿನ ಸಹಿಯೂ ಬೇಡ. ಶಾಲೆ ತಾನೇ ನೋಡಿ, ತಾನೇ ನಿರ್ಧರಿಸಿ, ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಬಹುದು.

ಕಾರ್ಡು, ಬಣ್ಣ, ಪರೀಕ್ಷೆ

ಪ್ರಮಾಣಪತ್ರ ಬೇಡವೆಂದಲ್ಲ. ಭತ್ಯೆ, ಸಾಧನ ಸಲಕರಣೆ, ಪಬ್ಲಿಕ್ ಪರೀಕ್ಷೆಯ ರಿಯಾಯಿತಿ ಎಲ್ಲಕ್ಕೂ ಅದು ಬೇಕು. ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ 3500 ರೂಪಾಯಿಯಂತೆ ಲೆಕ್ಕ ಹಾಕಿ ಹಣ ಬರುತ್ತದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನ ಇದೆ.

ಪ್ರಮಾಣಪತ್ರಕ್ಕೂ ಯುಡಿಐಡಿ ಎಂಬ ವೈಕಲ್ಯದ ಗುರುತಿನ ಕಾರ್ಡಿಗೂ ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲಿನಲ್ಲಿ. ಮಗುವಿನ ಆಧಾರ್, ಫೋಟೊ, ವಿಳಾಸದ ದಾಖಲೆ ಇಟ್ಟುಕೊಂಡು ಹತ್ತಿರದ ಸೈಬರ್ ಅಂಗಡಿಯಲ್ಲಾದರೂ ಹಾಕಬಹುದು. ಆಸ್ಪತ್ರೆ ಆರಿಸಿಕೊಂಡರೆ ತಪಾಸಣೆಗೆ ಕರೆ ಬರುತ್ತದೆ. 2024ರ ತಿದ್ದುಪಡಿ ನಿಯಮದಂತೆ 3 ತಿಂಗಳೊಳಗೆ ತೀರ್ಮಾನವಾಗಬೇಕು. ಕಾರ್ಡಿನ ಬಣ್ಣವೂ ಅದೇ ನಿಯಮದಲ್ಲಿದೆ: ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಹಾಗಾಗಿ 40 ಬರದಿದ್ದರೆ ಕಾರ್ಡೇ ಇಲ್ಲ ಎಂದು ಕೌಂಟರಿನಲ್ಲಿ ಹೇಳಿದರೆ ನಂಬಬೇಡಿ. ಶೇಕಡಾವಾರು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಕಾಯ್ದೆಯಲ್ಲೇ ಅವಕಾಶವಿದೆ. ಶಾಲೆ ನೆರವು ನಿರಾಕರಿಸಿದರೆ ದೂರು ಕೇಳುವ ರಾಜ್ಯ ಆಯುಕ್ತರೂ ಇದೇ ಕಾಯ್ದೆಯಡಿ ಇದ್ದಾರೆ. ಖಾಸಗಿಯಾಗಿ ಪರೀಕ್ಷೆ ಮಾಡಿಸುವವರು ಒಂದು ಎಚ್ಚರ ವಹಿಸಬೇಕು. ವರದಿಗೆ ಸಹಿ ಹಾಕುವ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಗೋಡೆಯ ತುಂಬ ಚೌಕಟ್ಟು ಹಾಕಿದ ಡಿಪ್ಲೊಮಾಗಳು ಈ ಸಂಖ್ಯೆಗೆ ಬದಲಿಯಲ್ಲ. ಎಷ್ಟೇ ಖಾಸಗಿ ವರದಿ ಇದ್ದರೂ ಪ್ರಮಾಣಪತ್ರ ಕೊಡುವುದು ಸರ್ಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರವೇ.

ಶೇ 40 ಎಂಬುದು ಎಲ್ಲದಕ್ಕೂ ಕೊನೆಯ ಗೆರೆಯಲ್ಲ ಎಂಬುದನ್ನು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಸ್ಪಷ್ಟಪಡಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಯುಪಿಎಸ್‌ಸಿ ಪರೀಕ್ಷೆಗೆ ಬರೆದುಕೊಡುವವರ ನೆರವು ಕೇಳಿದ್ದರು. ಶೇ 40 ಇಲ್ಲವೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ, ಹೊಂದಾಣಿಕೆ ಕೇಳುವ ಹಕ್ಕು ವೈಕಲ್ಯವುಳ್ಳ ಎಲ್ಲರದೂ ಎಂದು ನ್ಯಾಯಾಲಯ ಹೇಳಿತು. ಬರೆಯಲು ಕಷ್ಟವಿದ್ದು ಶೇ 40ಕ್ಕಿಂತ ಕಡಿಮೆ ಇರುವವರಿಗಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ನಿಮ್ಮ ಅರ್ಜಿಯಲ್ಲಿ ಈ ತೀರ್ಪಿನ ಹೆಸರು ಒಂದು ಸಾಲಿನಲ್ಲಿ ಇರಲಿ.

ಸಿಬಿಎಸ್‌ಇಯಲ್ಲಿ ಅರ್ಹ ವಿದ್ಯಾರ್ಥಿಗೆ 3 ಗಂಟೆಯ ಪರೀಕ್ಷೆಗೆ 1 ಗಂಟೆ ಹೆಚ್ಚುವರಿ, ಎರಡು ಭಾಷೆಯ ಬದಲು ಒಂದೇ ಭಾಷೆ ಕಡ್ಡಾಯ. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಕೆಲವು ವರ್ಗದವರಿಗೆ ಭಾಷಾ ವಿನಾಯಿತಿ ಇವೆ. ಇವನ್ನು ಮುಖ್ಯ ಶಿಕ್ಷಕರ ಮೂಲಕವೇ ಕೇಳಬೇಕು. ವಿವರಕ್ಕೆ ಆ ವರ್ಷ ಮಂಡಳಿ ಹೊರಡಿಸಿದ ಸುತ್ತೋಲೆ ನೋಡಿ. ಜನವರಿಯಲ್ಲಿ ಹಾಲ್ ಟಿಕೆಟ್ಟಿನ ಹೊತ್ತಿಗೆ ಓಡಾಡಿದರೆ ತಡವಾಗಿರುತ್ತದೆ. ಒಂಬತ್ತನೆಯ ತರಗತಿಯಲ್ಲೇ ಕಾಗದಗಳೆಲ್ಲ ಸಿದ್ಧವಿರಲಿ, ಶಾಲೆಯ ಕಿರುಪರೀಕ್ಷೆಗಳಲ್ಲೂ ಅದೇ ಹೊಂದಾಣಿಕೆ ಕೊಡಿಸಿ. ಲಿಪಿಕಾರರಿಗೆ ಹೇಳಿ ಬರೆಸುವುದೂ ಕಲಿಯಬೇಕಾದ ವಿದ್ಯೆಯೇ. ಎಸ್ಸೆಸ್ಸೆಲ್ಸಿಯ ದಿನ ಮೊದಲ ಸಲ ಮಾಡಿದರೆ ಅಲ್ಪವಿರಾಮ ಎಲ್ಲಿ, ಲೆಕ್ಕದ ಹಂತ ಎಲ್ಲಿ ಎಂದು ಹೇಳುವಷ್ಟರಲ್ಲೇ ಗಂಟೆ ಹೊಡೆಯುತ್ತದೆ.

ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಒಮ್ಮೆ ಮಾಡಿಸಿದರೆ ಮುಗಿಯಿತು ಎನ್ನುವ ಹಾಗಿಲ್ಲ. 2018ರ ಮಾರ್ಗಸೂಚಿಯಂತೆ 14ನೆಯ ವಯಸ್ಸಿಗೆ ಮತ್ತು 18ಕ್ಕೆ ಮತ್ತೆ ತಪಾಸಣೆಯಾಗಬೇಕು, 18ರಲ್ಲಿ ಕೊಟ್ಟದ್ದು ಜೀವನಪೂರ್ತಿಗೆ. 14 ಎಂದರೆ ಎಂಟು, ಒಂಬತ್ತನೆಯ ತರಗತಿ. ಎಸ್ಸೆಸ್ಸೆಲ್ಸಿಯ ಸಿದ್ಧತೆಯ ಜೊತೆಗೇ ಅದೂ ಬರುತ್ತದೆ. ಪಿಯುಸಿಗೆ ಕಾಲೇಜು ಬದಲಾದಾಗ ಹಳೆಯ ಶಾಲೆಯ ಕಡತ ತಾನಾಗಿ ಹಿಂದೆ ಬರುವುದಿಲ್ಲ. ಟಿಸಿ ತೆಗೆದುಕೊಳ್ಳುವ ದಿನವೇ ತಪಾಸಣೆಯ ವರದಿ, ಮಂಡಳಿಯ ರಿಯಾಯಿತಿ ಆದೇಶ, ಸೀಲು ಹಾಕಿಸಿಕೊಂಡ ಹಳೆಯ ಅರ್ಜಿಗಳು, ಎಲ್ಲದರ ದೃಢೀಕೃತ ಪ್ರತಿ ಕೇಳಿ ಪಡೆದು, ಹೊಸ ಕಾಲೇಜಿನ ಪ್ರವೇಶದ ಅರ್ಜಿಯ ಜೊತೆಗೇ ಕೊಟ್ಟುಬಿಡಿ.